ಬಾಟಲಿ ಲೆಕ್ಕ ಬಿಡಿ, ಗ್ರಾಂ ಲೆಕ್ಕ ಹಿಡಿಯಿರಿ

ಕಾರವಾರದಲ್ಲಿ ಮೆಡಿಕಲ್ ಶಾಪ್ ನಡೆಸುತ್ತ ನನಗೆ ಇಪ್ಪತ್ತಮೂರು ವರ್ಷವಾಯಿತು. ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಕೇಳುವವರು ವಾರಕ್ಕೆ ನಾಲ್ಕೈದು ಜನ ಇದ್ದೇ ಇರುತ್ತಾರೆ: "ಅಕ್ಕಾ, ಈ ಮಾತ್ರೆ ಇದ್ದಾಗ ಒಂದು ಬಿಯರ್ ನಡೀತದಾ?" ಉತ್ತರ ಕೊಡುವ ಮೊದಲು ನಾನೂ ಕೇಳುತ್ತೇನೆ, "ಒಂದು ಅಂದ್ರೆ ಎಷ್ಟು?"

ಮೊದಲು ಅದನ್ನು ಅಳೆಯಲು ಕಲಿಯಿರಿ. ನಮ್ಮಲ್ಲಿ ದೊಡ್ಡ ಬಾಟಲಿ ಅಂದರೆ 650 ಎಂ.ಎಲ್. ಆಲ್ಕೋಹಾಲ್ ಶೇಕಡಾ ಎಷ್ಟು ಎಂಬುದು ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೈಲ್ಡ್ ಆದರೆ 5ರ ಒಳಗೆ, ಸ್ಟ್ರಾಂಗ್ ಆದರೆ 8ರವರೆಗೆ. 650ನ್ನು 8ರಿಂದ ಗುಣಿಸಿ 100ರಿಂದ ಭಾಗಿಸಿದರೆ 52 ಎಂ.ಎಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಹಾಗಾಗಿ ಅದನ್ನು 0.79ರಿಂದ ಗುಣಿಸಿ: 41 ಗ್ರಾಂ. ಶೇಕಡಾ 5ರ ಮೈಲ್ಡ್ ಬಾಟಲಿಯಲ್ಲಿ 26 ಗ್ರಾಂ, 330 ಎಂ.ಎಲ್.ನ ಮೈಲ್ಡ್ ಪೈಂಟಿನಲ್ಲಿ 13. ಅಮೆರಿಕದ 2020–25ರ ಆಹಾರ ಮಾರ್ಗಸೂಚಿ ಮಿತ ಎಂದು ಹೇಳಿದ್ದು ಗಂಡಸರಿಗೆ ದಿನಕ್ಕೆ ಎರಡು, ಹೆಂಗಸರಿಗೆ ಒಂದು ಡ್ರಿಂಕ್. ಒಂದು ಡ್ರಿಂಕ್ ಎಂದರೆ 14 ಗ್ರಾಂ. ನೀವು "ಒಂದೇ ಒಂದು" ಎನ್ನುವ ಸ್ಟ್ರಾಂಗ್ ಬಾಟಲಿ ಆ ಗೆರೆಯನ್ನು ದಾಟಿ ಎಷ್ಟೋ ಮುಂದೆ ಹೋಯಿತು. ವಾರವಿಡೀ ಮುಟ್ಟದೆ ಭಾನುವಾರ ಒಂದೇ ಕೂತಿನಲ್ಲಿ ಮೂರು ಬಾಟಲಿ ಮುಗಿಸುವುದನ್ನಂತೂ ಮಿತ ಎನ್ನಲೇಬೇಡಿ.

ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. 41 ಗ್ರಾಂಗೆ ನಾಲ್ಕರಿಂದ ಆರು ತಾಸು ಬೇಕು. ತಣ್ಣೀರ ಸ್ನಾನ, ಲಿಂಬೆ ಶರಬತ್ತು, ಕಾಫಿ ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ. ಮಾಜಾಳಿ ದಾಟಿ ಗೋವೆಗೆ ಹೋಗಿ, ಕುಡಿದು, ಸಂಜೆಗೆ ಬೈಕಿನಲ್ಲಿ ಮರಳುವ ಹುಡುಗರಿಗೆ ನಾನು ಹೇಳುವುದು ಒಂದೇ: ಬಸ್ಸಿಗೆ ಬನ್ನಿ.

ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ, ಹೌದಾ ಎಂದು ಕೇಳುತ್ತಾರೆ. ಮಿತವಾಗಿ ಕುಡಿಯುವವರಿಗೆ ಹೃದಯರೋಗ ಕಡಿಮೆ ಎಂದು ಹಳೆಯ ಅಧ್ಯಯನಗಳು ತೋರಿಸಿದ್ದು ನಿಜ. ಆದರೆ ಅವುಗಳಲ್ಲಿ ಹಲವು, ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ "ಕುಡಿಯದವರ" ಸಾಲಿಗೇ ಸೇರಿಸಿದ್ದವು. ಹಾಗೆ ಎಣಿಸಿದರೆ ಕುಡಿಯದವರೇ ಹೆಚ್ಚು ರೋಗಿಗಳಂತೆ ಕಾಣದೆ ಇನ್ನೇನು? ಆಲ್ಕೋಹಾಲನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದ್ದು 1988ರಷ್ಟು ಹಿಂದೆ. ಬಾಯಿ, ಗಂಟಲು, ಯಕೃತ್ತು, ಕರುಳು, ಹೆಂಗಸರ ಸ್ತನ ಎಲ್ಲಕ್ಕೂ ಅದು ಸಂಬಂಧಿಸಿದ್ದು. ಇಷ್ಟು ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಆರೋಗ್ಯಕ್ಕೆಂದು ಯಾರೂ ಶುರು ಮಾಡಬೇಡಿ. ಕುಡಿಯುವವರು ಕಡಿಮೆ ಮಾಡಿದಷ್ಟೂ ಲಾಭ. ಬಸುರಿಯರಿಗೆ ಒಂದು ಗುಟುಕೂ ಬೇಡ.

ಕಿಡ್ನಿ ಕಲ್ಲಿನ ಮಾತು ಬೇರೆ ಇದೆ. ನನ್ನ ಅಣ್ಣನಿಗೆ ಕಲ್ಲಾದಾಗ, ಬಿಯರ್ ಕುಡಿದರೆ ಕರಗಿ ಹೋಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ಮೂರು ವಾರ ದಿನಾ ರಾತ್ರಿ ಬಿಯರ್, ಜೊತೆಗೆ ಹುರಿದ ತಾರ್ಲೆ, ಸಿಗಡಿ. ಒಂದು ಬೆಳಗಿನ ಜಾವ ಬಲಗಾಲಿನ ಹೆಬ್ಬೆರಳ ಗಂಟು ಕೆಂಪಗೆ ಊದಿಕೊಂಡು, ಹೊದಿಕೆಯ ಅಂಚು ತಾಗಿದರೂ ಕಿರುಚುತ್ತಿದ್ದ. ಗೌಟ್, ಅಂದರೆ ಯೂರಿಕ್ ಆಸಿಡ್ ಹರಳುಗಟ್ಟಿ ಗಂಟಿನಲ್ಲಿ ಕೂರುವ ಕಾಯಿಲೆ. ಬಿಯರಿನಲ್ಲೂ ಆ ಮೀನುಗಳಲ್ಲೂ ಪ್ಯೂರಿನ್ ಇದೆ, ಅದು ಯೂರಿಕ್ ಆಸಿಡ್ ಆಗುತ್ತದೆ. ಆಲ್ಕೋಹಾಲ್ ಅದನ್ನು ಹೊರಹೋಗಲು ಬಿಡುವುದಿಲ್ಲ. ಬಿಯರಿಗೆ ಮೂತ್ರ ಹೆಚ್ಚಾಗುವುದು ನಿಜ, ಆದರೆ ಮೈಯೊಳಗಿನ ನೀರೂ ಅದರ ಜೊತೆ ಹೋಗುತ್ತದೆ. ಕಲ್ಲಿಗೆ ಬೇಕಾದದ್ದು ನೀರು.

ಕುಡಿಯುವುದೇ ಆದರೆ ಮೈಲ್ಡ್ ಪೈಂಟ್ ತೆಗೆದುಕೊಳ್ಳಿ. ಮೊದಲು ಅನ್ನ ಉಣ್ಣಿ. ಒಣಮೀನು, ಉಪ್ಪಿನ ಶೇಂಗಾ ಎದುರಿಗಿದ್ದರೆ ಬಾಯಾರಿಕೆ ಹೆಚ್ಚಿ ಗ್ಲಾಸು ಬೇಗ ಖಾಲಿಯಾಗುತ್ತದೆ, ಅವನ್ನು ದೂರವಿಡಿ. ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ, ಮೇ ತಿಂಗಳ ಸೆಕೆಯಲ್ಲಂತೂ ಮರೆಯಲೇಬೇಡಿ. ಗ್ಲಾಸು ಪೂರ್ತಿ ಖಾಲಿಯಾಗುವ ಮೊದಲು ಮತ್ತೆ ತುಂಬಿಸಲು ಯಾರಿಗೂ ಬಿಡಬೇಡಿ, ಲೆಕ್ಕ ತಪ್ಪುವುದು ಅಲ್ಲೇ.

ಇನ್ನು ಮಾತ್ರೆ. ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಇದ್ದರೆ ಬೇಡ, ಕೋರ್ಸ್ ಮುಗಿದು ಮೂರು ದಿನದವರೆಗೂ ಬೇಡ. ನಿದ್ರೆ ಮಾತ್ರೆ, ಮಂಪರು ತರುವ ಅಲರ್ಜಿ ಮಾತ್ರೆಯ ಜೊತೆ ಬೇಡವೇ ಬೇಡ. ತಲೆನೋವೆಂದು ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗಬೇಡಿ, ಯಕೃತ್ತಿಗೆ ಪೆಟ್ಟು.

ನನಗೆ ಎಲ್ಲಕ್ಕಿಂತ ಹೆದರಿಕೆ ಶುಗರ್ ಮಾತ್ರೆಯದು. ಗ್ಲಿಮೆಪಿರೈಡ್ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅದನ್ನು ಮೇಲೆತ್ತಬೇಕಾದ ಯಕೃತ್ತು ಆಲ್ಕೋಹಾಲ್ ಕೆಲಸದಲ್ಲಿ ಮುಳುಗಿರುತ್ತದೆ. ಒಂದು ರಾತ್ರಿ ಬೈತಕೋಲ್ ಬಂದರಿನಿಂದ ಒಬ್ಬ ಹುಡುಗ ವಾಂತಿ ಮಾತ್ರೆ ಕೇಳಿಕೊಂಡು ಓಡಿ ಬಂದ. ತಾಂಡೇಲನಿಗೆ, ಅಂದರೆ ದೋಣಿ ನಡೆಸುವವನಿಗೆ, ಏರಿದೆ, ಬಲೆಯ ಮೇಲೆ ಮಲಗಿಸಿದ್ದೇವೆ ಎಂದ. ಎಷ್ಟು ಕುಡಿದ ಎಂದರೆ ಒಂದೇ ಬಾಟಲಿ. ಆ ತಾಂಡೇಲ ನನ್ನಲ್ಲೇ ಶುಗರ್ ಮಾತ್ರೆ ಒಯ್ಯುವವ. ಶುಗರ್ ನೋಡುವ ಮೀಟರ್ ಹಿಡಿದು ಹುಡುಗನ ಜೊತೆ ಹೋದೆ. ಅಂಗಿ ಬೆವರಿಗೆ ತೊಯ್ದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಮೀಟರ್ 46 ತೋರಿಸಿತು, ಸಕ್ಕರೆ ತೀರಾ ಕುಸಿದಿತ್ತು. ಎಚ್ಚರವಿದ್ದ, ನುಂಗುತ್ತಿದ್ದ, ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ, ಕಾಲು ಗಂಟೆಗೆ ಮತ್ತೆ ನೋಡಿ ಇನ್ನೊಮ್ಮೆ ಕೊಟ್ಟೆ, ಆಮೇಲೆ ಅನ್ನ ತಿನ್ನಿಸಿ ಆಸ್ಪತ್ರೆಗೆ ಕಳಿಸಿದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಆ ಹುಡುಗನ ಜೇಬಿನಲ್ಲಿ ಈಗಲೂ ಒಂದು ಪೊಟ್ಟಣ ಗ್ಲೂಕೋಸ್ ಇರುತ್ತದೆ.