ಮನೆಯ ವೆಂಟಿಲೇಟರ್: ಅಲಾರಾಂ ಕೂಗಿದಾಗ ಮೊದಲು ಎತ್ತ ನೋಡಬೇಕು?

ಉಸಿರಾಟಕ್ಕೆ ನೆರವಾಗುವ ವೆಂಟಿಲೇಟರಿನ ಅಲಾರಾಂ ಕೂಗಿದ ಕೂಡಲೇ ಯಾರ ಕಣ್ಣಾದರೂ ಯಂತ್ರದ ಪರದೆಯತ್ತ ಹೊರಳುತ್ತದೆ. ಆದರೆ ಮೊದಲು ನೋಡಬೇಕಾದದ್ದು ರೋಗಿಯನ್ನು: ಎದೆ ಏರಿಳಿಯುತ್ತಿದೆಯೇ, ತುಟಿ ನೀಲಿಗಟ್ಟುತ್ತಿದೆಯೇ, ಅವರು ಉಸಿರಿಗಾಗಿ ಒದ್ದಾಡುತ್ತಿದ್ದಾರೆಯೇ? ಇವುಗಳಲ್ಲಿ ಯಾವುದೇ ತೊಂದರೆ ಕಂಡು, ಕಾರಣ ತಕ್ಷಣ ಹೊಳೆಯದಿದ್ದರೆ ಯಂತ್ರದ ದುರಸ್ತಿಗೆ ಕೈಹಾಕದೆ, ಯಂತ್ರದಿಂದ ಬರುವ ಕೊಳವೆಯನ್ನು ಬಿಡಿಸಿ ಆಂಬು ಬ್ಯಾಗ್‌ನಿಂದ (ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ) ಉಸಿರು ಕೊಡಬೇಕು. ಜೊತೆಯಲ್ಲಿರುವವರು ಆಂಬುಲೆನ್ಸ್‌ಗೆ ಕರೆ ಮಾಡಬೇಕು. ವಯಸ್ಕರಿಗೆ 5ರಿಂದ 6 ಸೆಕೆಂಡಿಗೆ ಒಂದು ಸಲ, ಎದೆ ಮೇಲೇಳುವುದು ಕಾಣುವಷ್ಟು ಒತ್ತಿದರೆ ಸಾಕು. ಈ ಬ್ಯಾಗ್ ಬೀರುವಿನಲ್ಲಿದ್ದರೆ ಇಲ್ಲದಂತೆಯೇ. ಅದು ಹಾಸಿಗೆಯ ಪಕ್ಕದಲ್ಲಿ, ಕೈಗೆಟಕುವಲ್ಲಿಯೇ ತೂಗುತ್ತಿರಬೇಕು.

ರೋಗಿ ನೆಮ್ಮದಿಯಿಂದಿದ್ದರೆ ಅಲಾರಾಂ ಏನು ಹೇಳುತ್ತಿದೆ ಎಂದು ಓದಬಹುದು. ಒತ್ತಡ ಹೆಚ್ಚಾಗಿದೆ ಎಂದರೆ ಸಾಮಾನ್ಯವಾಗಿ ಗಾಳಿಯ ದಾರಿಗೆ ಏನೋ ಅಡ್ಡ ಬಂದಿದೆ ಎಂದರ್ಥ. ಬಹಳ ಸಲ ಅದು ಕಫ. ಟ್ರೇಕಿಯಾಸ್ಟಮಿ (ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ ರಂಧ್ರ) ಇರುವವರಿಗೆ ತರಬೇತಿಯಲ್ಲಿ ಕಲಿಸಿದಂತೆ ಸಕ್ಷನ್ ಮಾಡಿದರೆ, ಅಂದರೆ ಕಫವನ್ನು ಹೀರಿ ತೆಗೆದರೆ, ಅಲಾರಾಂ ತಾನೇ ನಿಲ್ಲುತ್ತದೆ. ಕೊಳವೆ ಮೈಯಡಿ ಸಿಕ್ಕಿಕೊಂಡಿರಬಹುದು, ಮಡಚಿಕೊಂಡಿರಬಹುದು, ಅಥವಾ ತೇವಾಂಶ ತಣಿದು ಅದರೊಳಗೆ ನೀರು ನಿಂತಿರಬಹುದು. ಆ ನೀರನ್ನು ಎಂದಿಗೂ ರೋಗಿಯ ಕಡೆಗೆ ಹರಿಯಗೊಡದೆ ಕೊಳವೆ ಬಿಡಿಸಿ ಹೊರಗೆ ಚೆಲ್ಲಬೇಕು. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರನ್ನು ರೋಗಿಯ ತಲೆಗಿಂತ ಕೆಳಗೆ ಇಡುವುದೂ ಇದೇ ಕಾರಣಕ್ಕೆ.

ಒತ್ತಡ ಕಡಿಮೆ ಎಂಬ ಅಲಾರಾಂ ಇನ್ನೂ ಅವಸರದ್ದು, ಏಕೆಂದರೆ ಕೊಳವೆ ಕಳಚಿಕೊಂಡಿದ್ದರೆ ಗಾಳಿ ರೋಗಿಯನ್ನು ತಲುಪುತ್ತಲೇ ಇರುವುದಿಲ್ಲ. ರೋಗಿಯಿಂದ ಶುರುಮಾಡಿ ಯಂತ್ರದವರೆಗೆ ಪ್ರತಿಯೊಂದು ಜೋಡಣೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಾ ಹೋಗಬೇಕು. ಮಾಸ್ಕ್ ಬಳಸುವವರಲ್ಲಿ ಅದು ಮುಖದಿಂದ ಸರಿದು ಗಾಳಿ ಸೋರುವುದೇ ಹೆಚ್ಚು. ಆದರೆ ಕೆಲವು ಮಾಸ್ಕ್ ಮತ್ತು ಕೊಳವೆಗಳಲ್ಲಿ ಹೊರಬಿಟ್ಟ ಉಸಿರು ಹೋಗಲೆಂದೇ ಮಾಡಿರುವ ಸಣ್ಣ ರಂಧ್ರಗಳಿರುತ್ತವೆ, ಅವನ್ನು ಸೋರಿಕೆಯೆಂದು ಭಾವಿಸಿ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಮತ್ತೆ ರೋಗಿಯ ಒಳಗೇ ಹೋಗುತ್ತದೆ.

ನಿತ್ಯದ ಆರೈಕೆ ಹೆಚ್ಚು ಸಮಯ ಬೇಡುವುದಿಲ್ಲ. ಹ್ಯುಮಿಡಿಫೈಯರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಯಂತ್ರ ಗಾಳಿ ಎಳೆದುಕೊಳ್ಳುವ ಕಡೆಯ ಫಿಲ್ಟರಿಗೆ ಧೂಳು ಹಿಡಿದಿದ್ದರೆ ಕೈಪಿಡಿಯಲ್ಲಿರುವಂತೆ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು ಅಥವಾ ಬದಲಿಸಬೇಕು. ಕಿಟಕಿಯ ಪರದೆ, ಹೊದಿಕೆಗಳು ಆ ಭಾಗಕ್ಕೆ ತಾಗದಂತಿರಲಿ. ಆಮ್ಲಜನಕ ಜೋಡಿಸಿದ್ದರೆ ಆ ಕೋಣೆಯಲ್ಲಿ ಬೀಡಿ, ಸಿಗರೇಟು, ದೀಪ ಯಾವುದೂ ಕೂಡದು.

ವಿದ್ಯುತ್ ಹೋದಾಗ, ಬ್ಯಾಟರಿ ಇರುವ ಯಂತ್ರ ತಾನಾಗಿ ಬ್ಯಾಟರಿಗೆ ಬದಲಾಗುತ್ತದೆ, ಆದರೆ ಹಳೆಯ ಬ್ಯಾಟರಿ ಹೊಸತರಷ್ಟು ಹೊತ್ತು ಬಾಳುವುದಿಲ್ಲ. ಪ್ಲಗ್ ಸಡಿಲವಾಗಿ ಗಂಟೆಗಟ್ಟಲೆ ಬ್ಯಾಟರಿಯಲ್ಲೇ ನಡೆದದ್ದು ಯಾರ ಗಮನಕ್ಕೂ ಬಾರದಿರುವ ಸಾಧ್ಯತೆ ಇರುವುದರಿಂದ, ಮಲಗುವ ಮುನ್ನ ಪರದೆಯ ಮೇಲೆ ಪ್ಲಗ್‌ನ ಗುರುತು ಕಾಣುತ್ತಿದೆಯೇ ಎಂದು ನೋಡುವುದು ಒಳ್ಳೆಯದು.

ಅಲಾರಾಂ ಕಾಟ ಕೊಡುತ್ತಿದೆಯೆಂದು ಅದರ ಮಿತಿಗಳನ್ನಾಗಲಿ, ಉಸಿರಿನ ಸಂಖ್ಯೆ, ಒತ್ತಡಗಳನ್ನಾಗಲಿ ವೈದ್ಯರನ್ನು ಕೇಳದೆ ಬದಲಿಸಬಾರದು. ಅವರು ನಿಗದಿಪಡಿಸಿದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿಟ್ಟರೆ, ಫೋನಿನಲ್ಲಿ ಅವರು ಕೇಳಿದಾಗ ಓದಿ ಹೇಳಬಹುದು.