ಹಳೇ ಹಾಳೆಯಿಂದ ಎದ್ದು ಬಂದಂಥ ಅಮೋನೈಟ್

ಅಮೋನೈಟ್ ಅಂದರೆ ಎಂದೋ ಅಳಿದುಹೋದ, ಸುರುಳಿ ಚಿಪ್ಪಿನ ಸಮುದ್ರಜೀವಿಯ ಪಳೆಯುಳಿಕೆ. ನಾನು ಬಿಡಿಸಿದ ಮೊದಲ ಅಮೋನೈಟ್ ಚಿತ್ರ ಸುತ್ತಿಟ್ಟ ಹಗ್ಗದ ಥರ ಬಂದಿತ್ತು. ತಪ್ಪು ಸುರುಳಿಯದ್ದು. ಒಳಗಿನ ಸುತ್ತಿಗಿಂತ ಹೊರಗಿನದು ದಪ್ಪವಾಗುತ್ತಾ ಹೋಗಬೇಕು, ನಾನು ಎಲ್ಲವನ್ನೂ ಒಂದೇ ಅಗಲಕ್ಕೆ ಎಳೆದಿದ್ದೆ. ಹಾಗಾಗಿ ಮೊದಲು ಪೆನ್ಸಿಲ್‌ನಲ್ಲಿ ಸುರುಳಿ ಮಾತ್ರ ಬಿಡಿಸಿ. ಸಮಾಧಾನ ಆಗುವವರೆಗೆ ಅಳಿಸಿ.

ಬೆಳಕು ಎಡಗಡೆ ಮೇಲಿನಿಂದ ಬರಲಿ. ಹಳೇ ವೈಜ್ಞಾನಿಕ ಚಿತ್ರಗಳ ರೂಢಿ ಅದು. ಆಮೇಲೆ 0.1 ಮಿ.ಮೀ. ಪೆನ್ನು ಹಿಡಿದು ಚುಕ್ಕೆ ಇಡಿ. ಚಿಪ್ಪಿನ ಮೇಲಿನ ಪ್ರತಿ ಉಬ್ಬುಗೆರೆಯ ಬಲಬದಿಯಲ್ಲಿ ದಟ್ಟವಾಗಿ, ಎಡಬದಿಗೆ ಬಂದಂತೆ ವಿರಳವಾಗಿ. ನೆತ್ತಿಯನ್ನು ಬಿಳಿಯಾಗಿಯೇ ಬಿಡಿ. ಪೆನ್ನು ನೆಟ್ಟಗಿರಲಿ. ಓರೆ ಮಾಡಿದರೆ ಚುಕ್ಕೆಗೆ ಬಾಲ ಬರುತ್ತದೆ, ಸೊಳ್ಳೆ ಹಿಂಡು ಕೂತಂತೆ ಕಾಣುತ್ತದೆ! ಅವಸರ ಬೇಡ, ಅಂಗೈಯಗಲದ ಚಿತ್ರಕ್ಕೆ ನನಗೆ ಮೂರು ಸಂಜೆ ಬೇಕು.

ಚಿಪ್ಪು ಸವೆದ ಕಡೆ ಜರೀಗಿಡದ ಎಲೆಯಂಥ ಗೆರೆಗಳು ಕಾಣುತ್ತವೆ. ಒಳಗಿನ ಕೋಣೆಗಳ ಗೋಡೆ ಚಿಪ್ಪಿಗೆ ಸೇರುವ ಜಾಗ ಅದು. ಸುಮ್ನೆ ಅಲಂಕಾರಕ್ಕೆ ಬಳಸಬೇಡಿ. ಜಾತಿ ಗುರುತಿಸಲು ತಜ್ಞರು ಅದನ್ನೂ ನೋಡುತ್ತಾರೆ, ಅಲ್ವಾ? ಪಳೆಯುಳಿಕೆಯಲ್ಲಿ ಇದ್ದಷ್ಟೇ ಬಿಡಿಸಿ.

ಮುರಿದ ಭಾಗವನ್ನು ನಾನು ಚುಕ್ಕೆಗೆರೆಯಲ್ಲಿ ತೋರಿಸುತ್ತೇನೆ. ಪಕ್ಕದಲ್ಲಿ ಅಳತೆ ಪಟ್ಟಿ ಇರಲಿ. ಕಾಗದ ಹಳದಿಯಾಗಬೇಕಾ? ತಿಳಿ ಟೀ ಡಿಕಾಕ್ಷನ್ ಬಳಿಯಿರಿ, ಆದರೆ ಚಿತ್ರಕ್ಕೆ ಮೊದಲೇ.