ಅಪ್ಪನ ಖಾತೆಪುಸ್ತಕ ಎದುರಿಗಿಟ್ಟುಕೊಂಡು ಬಿಸಿಎ ಓದುವ ಬಗೆ

ಬಿಸಿಎ ಎಂಬ ಕಂಪ್ಯೂಟರ್ ಪದವಿಯ ಮೊದಲ ಸೆಮಿಸ್ಟರಿಗೆ ಲ್ಯಾಪ್‌ಟಾಪ್ ಕೊಳ್ಳಬೇಡಿ. ಸಾಲ ಮಾಡಿಯಂತೂ ಬೇಡವೇ ಬೇಡ. ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್, ಒಂದು ಅಡಿಪಟ್ಟಿ, ಎರಡು ಪೆನ್ಸಿಲ್ ಇದ್ದರೆ ಶುರು ಮಾಡಬಹುದು. ಟೈಪ್ ಮಾಡುವುದಕ್ಕೆ ಕಾಲೇಜಿನ ಲ್ಯಾಬ್ ಇದೆ. ಏನು ಟೈಪ್ ಮಾಡಬೇಕು ಎಂಬುದು ಮಾತ್ರ ಅಲ್ಲಿ ಹುಟ್ಟುವುದಿಲ್ಲ.

ನಾನು ಆಳಂದ ತಾಲ್ಲೂಕಿನವಳು. ಅಪ್ಪ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನಲ್ಲಿ ಅಡತ್ (ದಲಾಲಿ) ಅಂಗಡಿಯೊಂದರ ಗುಮಾಸ್ತರು. ನಾನು ಬಿಸಿಎ ಮುಗಿಸಿ ಈಗ ಬೇಳೆ ಮಿಲ್ಲೊಂದರ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಮಾಹಿತಿ ವ್ಯವಸ್ಥೆ ಎಂದರೆ ಪ್ರೋಗ್ರಾಂ ಬರೆಯುವುದು ಎಂದೇ ಮೊದಲ ವರ್ಷವಿಡೀ ತಿಳಿದಿದ್ದೆ. ಆದರೆ ಯಾರು, ಏನನ್ನು, ಯಾವಾಗ, ಯಾಕೆ ಬರೆದಿಡುತ್ತಾರೆ ಎಂಬುದರ ಓದು ಅದು. ಆದ್ದರಿಂದ ನಿಮಗೆ ಹತ್ತಿರದ ಒಂದು ಖಾತೆಪುಸ್ತಕವನ್ನು ಹಿಡಿಯಿರಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಾದರೂ ಸರಿ, ಅವ್ವನ ಸ್ವಸಹಾಯ ಸಂಘದ ಉಳಿತಾಯದ ಪುಸ್ತಕವಾದರೂ ಸರಿ. ಮೂರು ವರ್ಷ ಅದೇ ನಿಮ್ಮ ಪ್ರಯೋಗಶಾಲೆ.

ನನ್ನದು ಅಪ್ಪನ ತೊಗರಿ ಖಾತೆ. ಒಂದು ಸಾಲಿನಲ್ಲಿ ರೈತನ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಮುಂಗಡ, ಬಾಕಿ. ಇದನ್ನು ಹಾಗೇ ಡೇಟಾಬೇಸಿನ ಒಂದು ಟೇಬಲ್ (ಕೋಷ್ಟಕ) ಮಾಡಿದೆ. ಮೊದಲ ಪೆಟ್ಟು ಹೆಸರಿನಿಂದಲೇ ಬಿತ್ತು. ಶರಣಬಸವೇಶ್ವರರ ಊರಿನಲ್ಲಿ ಶರಣಪ್ಪಂದಿರಿಗೆ ಬರವೇ? ಆ ಒಂದು ಪುಸ್ತಕದಲ್ಲಿ ಹನ್ನೊಂದು ಮಂದಿ ಶರಣಪ್ಪ ಇದ್ದರು. ಅಪ್ಪ ಅವರನ್ನು ‘ಟ್ರ್ಯಾಕ್ಟರ್ ಶರಣಪ್ಪ’, ‘ಹಾಳುಬಾವಿ ಶರಣಪ್ಪ’ ಎಂದು ಗುರುತಿಟ್ಟುಕೊಂಡಿದ್ದರು. ಹಾಗಾದರೆ ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಇಡೋಣವೆಂದರೆ, ಅಣ್ಣತಮ್ಮಂದಿರು ನಾಲ್ವರಿಗೂ ಒಂದೇ ಸಂಖ್ಯೆ. ಪ್ರೈಮರಿ ಕೀ, ಅಂದರೆ ಒಂದು ಸಾಲನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು, ಯಾಕೆ ಬೇಕು, ಅದಕ್ಕೆ ಅರ್ಥವಿಲ್ಲದ ಒಂದು ಕ್ರಮಸಂಖ್ಯೆ ಕೊಡುವುದೇ ಯಾಕೆ ಲೇಸು ಎಂಬುದು ಅಂದು ತಿಳಿಯಿತು. ಪಠ್ಯದ ವ್ಯಾಖ್ಯೆಯನ್ನು ಅದಕ್ಕೆ ಮೊದಲೇ ಬಾಯಿಪಾಠ ಮಾಡಿದ್ದೆ, ಅದು ಬೇರೆ ಮಾತು.

ನಾರ್ಮಲೈಸೇಷನ್‌ಗೆ, ಅಂದರೆ ಒಂದೇ ಸಂಗತಿ ಒಂದೇ ಕಡೆ ಇರುವಂತೆ ಟೇಬಲ್‌ಗಳನ್ನು ಒಡೆಯುವುದಕ್ಕೆ, ಎಲ್ಲರೂ ಹೆದರುತ್ತಾರೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಕೋಷ್ಟಕಗಳ ಈ ಮಾದರಿಯನ್ನು ಮುಂದಿಟ್ಟಾಗ ಅವರನ್ನು ಕಾಡಿದ ತೊಂದರೆಗಳಲ್ಲಿ ಒಂದೇ ಸಂಗತಿಯನ್ನು ಹತ್ತು ಕಡೆ ಬರೆಯುವುದೂ ಒಂದು. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಬೇರೆ ಉದಾಹರಣೆ ಹುಡುಕುವ ಕೆಲಸವಿಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ಪ್ರತಿ ರೈತನ ಸಾಲಿನಲ್ಲೂ ಜಿಲ್ಲೆಯ ಹೆಸರು ಬರೆದಿದ್ದರೆ ಸಾವಿರ ಸಾಲು ತಿದ್ದಬೇಕು; ಒಂದೆರಡು ತಪ್ಪಿದರೆ ಒಂದೇ ಜಿಲ್ಲೆ ಎರಡಾಗಿ ಕೂರುತ್ತದೆ. ಜಿಲ್ಲೆಗಳಿಗೇ ಬೇರೆ ಟೇಬಲ್ ಇದ್ದರೆ ತಿದ್ದುವುದು ಒಂದೇ ಸಾಲು. ನಿಮ್ಮ ಖಾತೆಪುಸ್ತಕದ ಒಂದು ಪುಟವನ್ನು ನೋಟ್‌ಬುಕ್ಕಿಗೆ ಇಳಿಸಿ, ಮತ್ತೆ ಮತ್ತೆ ಬರುವುದಕ್ಕೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ, ಸುತ್ತು ಹಾಕಿದ್ದನ್ನು ಬೇರೆ ಟೇಬಲ್‌ಗೆ ಸಾಗಿಸಿ. ನಾರ್ಮಲೈಸೇಷನ್‌ನ ಮೂರನೆಯ ಹಂತವಾದ ಮೂರನೆಯ ನಾರ್ಮಲ್ ಫಾರ್ಮ್‌ವರೆಗೆ ಹೀಗೇ ನಡೆದುಕೊಂಡು ಹೋಗಬಹುದು. ಆದರೆ ದರವನ್ನು ಮಾತ್ರ ಬೆಳೆಯ ಟೇಬಲ್‌ಗೆ ಸಾಗಿಸಬೇಡಿ. ನಾನು ಸಾಗಿಸಿದ್ದೆ. ದರ ದಿನದಿನಕ್ಕೂ, ರಾಶಿರಾಶಿಗೂ ಬೇರೆ. ಅದು ತೊಗರಿಯ ಗುಣವಲ್ಲ, ಆ ವ್ಯವಹಾರದ ಗುಣ.

ಎಸ್‌ಕ್ಯೂಎಲ್‌ಗೆ, ಅಂದರೆ ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಗೆ, ಕೋಚಿಂಗ್ ಸೇರಬೇಡಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಉಚಿತ, ಅಗ್ಗದ ಫೋನಿನಲ್ಲೂ ಓಡುತ್ತದೆ. ದಿನಕ್ಕೆ ಒಂದು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಅದರ ಕೆಳಗೆ ಕ್ವೆರಿ (ಅದೇ ಪ್ರಶ್ನೆ ಎಸ್‌ಕ್ಯೂಎಲ್‌ನಲ್ಲಿ). ‘ಯಾವ ಊರಿನಿಂದ ಎಷ್ಟು ಕ್ವಿಂಟಲ್ ಬಂತು?’ ಎಂದರೆ ಗ್ರೂಪ್ ಬೈ (ಊರಿಗೊಂದು ಗುಂಪು ಮಾಡಿ ಕೂಡುವುದು). ‘ಹೋದ ವರ್ಷ ಬಂದವರಲ್ಲಿ ಈ ವರ್ಷ ಬಾರದವರು ಯಾರು?’ ಎಂದರೆ ಲೆಫ್ಟ್ ಜಾಯಿನ್ (ಜೋಡಿ ಸಿಗದ ಸಾಲನ್ನೂ ಉಳಿಸಿಕೊಂಡು ಎರಡು ಟೇಬಲ್ ಜೋಡಿಸುವುದು). ಇದರಲ್ಲೊಂದು ಗುಂಡಿ ಇದೆ: ಈ ವರ್ಷದ ತಾರೀಖಿನ ಷರತ್ತನ್ನು ಜೋಡಿಸುವ ನಿಯಮದ ಆನ್ ಭಾಗದಲ್ಲಿ ಬರೆಯಬೇಕು. ಜೋಡಿಸಿದ ಮೇಲೆ ಸೋಸುವ ವೇರ್ ಭಾಗಕ್ಕೆ ಹಾಕಿದರೆ ಬಾರದ ರೈತರೆಲ್ಲ ಉತ್ತರದಿಂದಲೇ ಮಾಯವಾಗುತ್ತಾರೆ, ಹುಡುಕುತ್ತಿದ್ದದ್ದು ಅವರನ್ನೇ! ನಾನು ಒಂದು ವಾರ ಈ ಗುಂಡಿಯಲ್ಲಿ ಕುಳಿತಿದ್ದೆ.

ಕನ್ನಡದ ಹೆಸರುಗಳನ್ನು ತುಂಬುವಾಗ ಫೈಲು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿದೆಯೇ ಎಂದು ನೋಡಿಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಟ್ಟಿಯೊಂದನ್ನು ನಾನು ಹಾಗೇ ಸುರಿದಾಗ ಶರಣಪ್ಪಂದಿರೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಗಿ ಬಿದ್ದರು. ಮೊದಲು ಪರಿವರ್ತಿಸಿ, ಆಮೇಲೆ ತುಂಬಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಇಂಗ್ಲಿಷ್ ಪುಟವನ್ನು ಓದಿ ಮುಚ್ಚಿಟ್ಟು, ಅದನ್ನು ಗಂಜಿನ ಹಮಾಲನಿಗೆ ಹೇಳುವಂತೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅರ್ಥವಾಗಿಲ್ಲ. ಜಮಾ, ಖರ್ಚು, ಬಾಕಿ, ವಸೂಲಿ ನಿಮಗೆ ಹುಟ್ಟಾ ಬರುತ್ತವೆ. ಅಕೌಂಟಿಂಗ್ ಪತ್ರಿಕೆಯನ್ನು ‘ಇದು ಬಿಕಾಂನವರದ್ದು’ ಎಂದು ತಳ್ಳಿಹಾಕಬೇಡಿ. ಇಲ್ಲಿ ನನಗೆ ಕೆಲಸ ಕೊಟ್ಟದ್ದು ಜಾವಾ ಪ್ರೋಗ್ರಾಮಿಂಗ್ ಅಲ್ಲ, ಡೆಬಿಟ್–ಕ್ರೆಡಿಟ್ ತಪ್ಪಿಲ್ಲದೆ ಹೇಳಿದ್ದು.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ವರ್ಷದ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ, ಚಿತ್ರ ಬರೆಯಬಹುದಾದ ಕಡೆಯೆಲ್ಲ ಚಿತ್ರ ಬರೆಯಿರಿ. ಏಪ್ರಿಲ್, ಮೇ ತಿಂಗಳ ಪರೀಕ್ಷೆಗೆ ಬೆಳಗಿನ ನಾಲ್ಕಕ್ಕೆ ಏಳುವುದು ಒಳ್ಳೆಯದು. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ತಲೆಗೆ ಹೋಗುವುದು ಮಜ್ಜಿಗೆ ಮಾತ್ರ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗಲು ಬೇಕಾದ 371(ಜೆ) ಪ್ರಮಾಣಪತ್ರವನ್ನು ಕೊನೆಯ ವರ್ಷದವರೆಗೆ ಮುಂದೂಡದೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ಆದರೆ ಸಿಸ್ಟಮ್ ಅನಾಲಿಸಿಸ್ (ಕೆಲಸ ಹೇಗೆ ನಡೆಯುತ್ತದೆ ಎಂದು ಅರಿತು ವ್ಯವಸ್ಥೆ ರೂಪಿಸುವ ಓದು) ಪತ್ರಿಕೆಗೆ ಹೆಚ್ಚು ಸಮಯ ಕೊಡಿ. ಓದಲು ನಮ್ಮ ರಾಜ್ಯದ್ದೇ ಒಳ್ಳೆಯ ಪಾಠವಿದೆ: ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಅದರಲ್ಲಿ ಸಾಫ್ಟ್‌ವೇರ್‌ಗಿಂತ ನಿಯಮಗಳನ್ನು ಗಮನಿಸಿ. ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಮುಂದೆ ಸಾಗಬೇಕು ಎಂದು ಮಾಡಿದರು. ತಿದ್ದಿದವರು ಯಾರೆಂದು ತಿಳಿಯಲು ಸಿಬ್ಬಂದಿಯ ಬೆರಳಚ್ಚು ಪಡೆದರು. ಈ ಮೂರರಲ್ಲಿ ಯಾವುದನ್ನು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ತಲಾ ಅರ್ಧ ಪುಟ ಬರೆಯಿರಿ. ಆಮೇಲೆ ನಿಮ್ಮ ಅಂಗಡಿಗೆ ಹೋಗಿ ಒಂದು ದಿನ ಸುಮ್ಮನೆ ಕುಳಿತು ನೋಡಿ. ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಜನ ಹೇಗೆ ಮಾಡಬೇಕೋ ಅದನ್ನು ಹೇಳುತ್ತಾರೆ. ಅಪ್ಪನೂ ವ್ಯವಹಾರ ಆದ ಕೂಡಲೇ ಖಾತೆಗೆ ಬರೆಯುತ್ತೇನೆ ಎಂದಿದ್ದರು. ಕುಳಿತು ನೋಡಿದರೆ ಹಗಲೆಲ್ಲ ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ ಬರೆದು, ಸಂಜೆ ಖಾತೆಗೆ ಇಳಿಸುತ್ತಿದ್ದರು. ಆ ರಟ್ಟಿಗೂ ನಿಮ್ಮ ವಿನ್ಯಾಸದಲ್ಲಿ ಜಾಗ ಬೇಕು.

ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಸಿದ್ಧವಾಗಿ ಕೊಳ್ಳಬೇಡಿ. ‘ಬಾಕಿ ಇರುವ ರೈತನನ್ನು ಅಳಿಸಿದರೆ ಬಾಕಿ ಏನಾಗುತ್ತದೆ?’ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಮಾರಿದವನು ಬಂದು ಉತ್ತರ ಹೇಳುವುದಿಲ್ಲ. ಸಣ್ಣದಾದರೂ ನಿಮ್ಮದೇ ಇರಲಿ, ಒಂದು ಸುಗ್ಗಿಯ ಕಾಲ ನಿಜವಾದ ಜಾಗದಲ್ಲಿ ಓಡಲಿ, ಪಕ್ಕದಲ್ಲಿ ಹಳೆಯ ಪುಸ್ತಕವೂ ನಡೆಯಲಿ.

ನನ್ನದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಓಡಿತು. ಕೊನೆಗೆ ಎರಡೂ ಲೆಕ್ಕ ತಾಳೆ ನೋಡಿದರೆ 61 ರೂಪಾಯಿ ವ್ಯತ್ಯಾಸ. ಅಪ್ಪನ ಕೂಡುವ ತಪ್ಪೆಂದು ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ. ಮೂರು ಸಂಜೆ ಒಂದೊಂದೇ ಲೆಕ್ಕಪಟ್ಟಿಯನ್ನು (ಬಿಲ್ಲನ್ನು) ಎದುರುಬದುರು ಇಟ್ಟೆವು. ಪೈಸೆ ಐವತ್ತು ಮುಟ್ಟಿದರೆ ಅಪ್ಪ ಮುಂದಿನ ರೂಪಾಯಿಗೆ ಏರಿಸುತ್ತಿದ್ದರು. ನನ್ನ ಪ್ರೋಗ್ರಾಂ ಪೈಸೆಯನ್ನು ಕತ್ತರಿಸಿ ಎಸೆಯುತ್ತಿತ್ತು. ಐವತ್ತು ಮುಟ್ಟಿದ ಪಟ್ಟಿಗಳನ್ನು ಎಣಿಸಿದೆ: ಸರಿಯಾಗಿ 61.

‘ಇದನ್ನು ಮೊದಲೇ ಯಾಕೆ ಹೇಳಲಿಲ್ಲ?’ ಎಂದೆ.

‘ನೀನು ಕೇಳಲಿಲ್ಲವಲ್ಲ ಅವ್ವಾ’ ಎಂದರು.

ಹಣವನ್ನು ಫ್ಲೋಟ್ (ಕಂಪ್ಯೂಟರ್ ಅಂದಾಜಾಗಿ ಇಡುವ ದಶಮಾಂಶ ಸಂಖ್ಯೆ) ಆಗಿ ಇಡಬೇಡಿ. ಪೈಸೆಯ ಪೂರ್ಣಸಂಖ್ಯೆಯಾಗಿ ಇಡಿ. ರೂಪಾಯಿಗೆ ಏರಿಸುವುದೋ ಇಳಿಸುವುದೋ ಪಟ್ಟಿಯ ಕೊನೆಯ ಮೊತ್ತದಲ್ಲಿ ಒಮ್ಮೆ ಮಾತ್ರ ಆಗಲಿ. ಎಲ್ಲಿಂದ ಏರಿಸುತ್ತೀರಿ ಎಂದು ಗುಮಾಸ್ತರನ್ನು ಮೊದಲ ದಿನವೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.